ಬೀಟ್ ತಂದಿರಿ, ಊರು ಎಲ್ಲಿ?

ಕಳೆದ ಜಾತ್ರೆಯಲ್ಲಿ ತೇರು ಎಳೆದ ಮೇಲೆ ಚಹಾದಂಗಡಿ ಮುಂದೆ ನಾಲ್ಕು ಹುಡುಗರು ನಮ್ಮನ್ನು ನಿಲ್ಲಿಸಿಕೊಂಡರು. ಅವರಲ್ಲೊಬ್ಬ ಮೊಬೈಲ್ ತೆಗೆದು ತಾನೇ ಬರೆದು ಹಾಡಿದ ರ್ಯಾಪ್ ಕೇಳಿಸಿದ. ಬೀಟ್ ಗಟ್ಟಿಯಾಗಿತ್ತು. ಹುಡುಗನ ಉಸಿರೂ ಗಟ್ಟಿ. ಆದರೆ ಹಾಡಿನ ತುಂಬ ಗನ್ನು, ಲ್ಯಾಂಬೊರ್ಗಿನಿ, ಬೆಂಗಳೂರಿನ ಪಬ್ಬು. ಅವನು ಬೆಂಗಳೂರು ನೋಡಿದ್ದು ಒಂದೇ ಸಲ, ಅದೂ ಅಪ್ಪನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದಾಗ.

"ಇದರಾಗ ನಿಮ್ಮೂರ ಎಲ್ಲೈತೋ ತಮ್ಮಾ?" ಅಂತ ಕೇಳಿದೆವು.

"ಅಣ್ಣಾ, ನಮ್ಮ ಮಾತ್ನ್ಯಾಗ ಹಾಡಿದ್ರ ರ್ಯಾಪ್ ಅನಸಂಗಿಲ್ಲ" ಅಂದ.

ಈ ಬರಹ ಆ ಹುಡುಗನಿಗೆ. ಅವನ ತಲೆಗೆ ಹೀಗೆ ತುಂಬಿದ ದೊಡ್ಡವರಿಗೂ.

ತಮ್ಮಾ, ನಿನ್ನ ಫೋನಿನಲ್ಲಿ ಬಡಿಯುತ್ತಿದ್ದ ಆ ಬೀಟ್ ಇದೆಯಲ್ಲ, ಎದೆಗೆ ಗುದ್ದುವ ಬೇಸ್, ಅದರ ಮೇಲೆ ಚಿಟಿಚಿಟಿ ಓಡುವ ತಾಳ, ಅದು ಬೆಳೆದಿದ್ದು ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ. ಹತ್ತಿ ಬೆಳೆಯುವ ನಾಡು ಅದು. ಅಲ್ಲಿನ ಹುಡುಗರಿಗೂ ಒಂದು ಕಾಲದಲ್ಲಿ ಇದೇ ಮಾತು ಹೇಳಿದ್ದರು: ನಿಮ್ಮ ಹಳ್ಳಿ ಉಚ್ಚಾರಣೆಯಲ್ಲಿ ಹಾಡಿದರೆ ಅದು ರ್ಯಾಪ್ ಅನಿಸುವುದಿಲ್ಲ ಅಂತ. ಅವರು ಆ ಮಾತು ನಂಬಲಿಲ್ಲ. ನಂಬಿದ್ದರೆ ಇವತ್ತು ನಿನ್ನ ಕೈಯಲ್ಲಿ ಈ ಬೀಟ್ ಇರುತ್ತಿರಲಿಲ್ಲ.

ಗುಳೆ ಹೋದವರ ಮೊಮ್ಮಕ್ಕಳು

ಹಿಪ್‌ಹಾಪ್ ಹುಟ್ಟಿದ್ದು ನ್ಯೂಯಾರ್ಕ್ ನಗರದ ಬ್ರಾಂಕ್ಸ್‌ನಲ್ಲಿ. 1973ರ ಆಗಸ್ಟ್ 11ರಂದು ಡಿಜೆ ಕೂಲ್ ಹರ್ಕ್ ಅಲ್ಲಿನ ಒಂದು ಅಪಾರ್ಟ್‌ಮೆಂಟಿನಲ್ಲಿ ನಡೆಸಿದ ಪಾರ್ಟಿಯನ್ನೇ ಅದರ ಹುಟ್ಟುಹಬ್ಬ ಅಂತ ಆಚರಿಸುತ್ತಾರೆ. ಇದರಲ್ಲಿ ನಮ್ಮ ತಕರಾರಿಲ್ಲ. ತಕರಾರು ಇರುವುದು ಆಮೇಲಿನ ಕಥೆ ಹೇಳುವ ರೀತಿಯಲ್ಲಿ. ನ್ಯೂಯಾರ್ಕ್ ಹುಟ್ಟಿಸಿತು, ಲಾಸ್ ಏಂಜಲೀಸ್ ಬೆಳೆಸಿತು, ದಕ್ಷಿಣದವರು ಕೊನೆಗೆ ಬಂದು ಕುಣಿಯುವ ಹಾಡು ಸೇರಿಸಿದರು ಅನ್ನುವ ಕಥೆ ಅದು. ಊಟಕ್ಕೆ ಕರೆದು ಕೊನೇ ಪಂಕ್ತಿಯಲ್ಲಿ ಕೂರಿಸಿದ ಹಾಗೆ.

ಬ್ರಾಂಕ್ಸ್‌ನ ಕರಿಯ ಜನ ಅಲ್ಲಿಗೆ ಬಂದದ್ದು ಎಲ್ಲಿಂದ? ಕೂಲ್ ಹರ್ಕ್ ಜಮೈಕಾದವನು. ಅವನಂತೆ ಕೆರಿಬಿಯನ್ ದ್ವೀಪಗಳಿಂದ ಬಂದವರು ಅಲ್ಲಿ ಬಹಳ ಇದ್ದರು. ಉಳಿದ ಎಷ್ಟೋ ಮನೆಗಳ ಬೇರು ಇದ್ದದ್ದು ಜಾರ್ಜಿಯಾ, ಅಲಬಾಮಾ, ಕೆರೊಲಿನಾಗಳ ಹೊಲಗಳಲ್ಲಿ. 1910ರಿಂದ 1970ರವರೆಗೆ ಸುಮಾರು 60 ಲಕ್ಷ ಕರಿಯ ಜನ ದಕ್ಷಿಣ ಬಿಟ್ಟು ಉತ್ತರ ಮತ್ತು ಪಶ್ಚಿಮದ ನಗರಗಳಿಗೆ ಹೋದರು. ಬೇರೆಯವರ ಹೊಲ ಪಾಲಿಗೆ ಮಾಡಿ ಸಾಲದಲ್ಲಿ ಮುಳುಗಿದವರು, ಹತ್ತಿಗೆ ಹುಳ ಬಿದ್ದು ಬರಿಗೈಯಾದವರು, ಗುಂಪು ಕಟ್ಟಿ ಮರಕ್ಕೆ ನೇತು ಹಾಕುವವರ ಭಯಕ್ಕೆ ರಾತ್ರೋರಾತ್ರಿ ರೈಲು ಹತ್ತಿದವರು. ಇತಿಹಾಸದ ಪುಸ್ತಕಗಳು ಇದನ್ನು ಮಹಾ ವಲಸೆ ಅನ್ನುತ್ತವೆ. ನಮ್ಮ ಕಡೆ ಇದಕ್ಕೆ ಗುಳೆ ಅಂತಾರೆ.

ಅಂದರೆ 1980ರ ದಶಕದಲ್ಲಿ ದಕ್ಷಿಣದವರನ್ನು ಹಳ್ಳಿ ಗಮಾರರು ಅಂತ ನಕ್ಕವರಲ್ಲಿ ಎಷ್ಟೋ ಜನ ಗುಳೆ ಹೋದವರ ಮಕ್ಕಳು, ಮೊಮ್ಮಕ್ಕಳು. ಅಜ್ಜಿ ಆಡುತ್ತಿದ್ದ ಮಾತಿಗೇ ಮೊಮ್ಮಗ ನಗುತ್ತಿದ್ದ. ಈ ರೋಗ ನಮಗೆ ಹೊಸದಲ್ಲ. ಬೆಂಗಳೂರಿಗೆ ಹೋಗಿ ಎರಡು ವರ್ಷಕ್ಕೆ "ಹೋಗ್ತೀನಿ, ಬರ್ತೀನಿ" ಕಲಿತು, ಊರಿಗೆ ಬಂದಾಗ ಅವ್ವನ "ಹೊಕ್ಕೇನಿ, ಬರ್ತೇನಿ" ಕೇಳಿ ಮುಖ ಸಿಂಡರಿಸುವವರನ್ನು ನಾವೆಲ್ಲ ನೋಡಿದ್ದೇವೆ.

ಹೂಸ್ಟನ್ನಿನ ಮೂವರು

ಮೊದಲು ಬಾಗಿಲು ಒದ್ದವರಲ್ಲಿ ಟೆಕ್ಸಾಸ್ ರಾಜ್ಯದ ಹೂಸ್ಟನ್ ನಗರದ ಗೆಟೊ ಬಾಯ್ಸ್ ಇದ್ದರು. ಸ್ಕಾರ್‌ಫೇಸ್, ವಿಲ್ಲಿ ಡಿ, ಬುಶ್‌ವಿಕ್ ಬಿಲ್. ಹೂಸ್ಟನ್ನಿನ ಬಡ ಓಣಿ ಫಿಫ್ತ್ ವಾರ್ಡಿನಲ್ಲಿ ಬೆಳೆದ ಜೇಮ್ಸ್ ಪ್ರಿನ್ಸ್ ಎಂಬಾತ ಕಟ್ಟಿದ ರ್ಯಾಪ್-ಎ-ಲಾಟ್ ಎಂಬ ಸ್ವಂತ ಕಂಪನಿ ಅವರ ಹಾಡು ಹೊರತಂದಿತು. ದೊಡ್ಡ ಕಂಪನಿಗಳೆಲ್ಲ ನ್ಯೂಯಾರ್ಕ್, ಲಾಸ್ ಏಂಜಲೀಸ್‌ನಲ್ಲಿ ಕೂತಿದ್ದಾಗ ಇವನು ಊರಲ್ಲೇ ಅಂಗಡಿ ತೆರೆದ.

1990ರಲ್ಲಿ ಅವರ ಆಲ್ಬಂ ಹಂಚಲು ಗೆಫೆನ್ ಎಂಬ ದೊಡ್ಡ ಕಂಪನಿ ಒಪ್ಪಲಿಲ್ಲ. ಹಾಡಿನಲ್ಲಿ ರಕ್ತ, ಕೊಲೆ ಹೆಚ್ಚಾಯಿತು ಅನ್ನುವುದು ಕಾರಣ. ಆ ಮಾತಿನಲ್ಲಿ ಹುರುಳಿಲ್ಲ ಅಂತ ನಾವು ಹೇಳುವುದಿಲ್ಲ. ಆದರೆ ಮರುವರ್ಷ, 1991ರಲ್ಲಿ, ಅದೇ ಮೂವರು "ಮೈಂಡ್ ಪ್ಲೇಯಿಂಗ್ ಟ್ರಿಕ್ಸ್ ಆನ್ ಮಿ" ಎಂಬ ಹಾಡು ತಂದರು. ಐಸಾಕ್ ಹೇಯ್ಸ್ ಎಂಬ ಹಿರಿಯ ದಕ್ಷಿಣದ ಸಂಗೀತಗಾರನ ಗಿಟಾರ್ ತುಣುಕಿನ ಮೇಲೆ ಕಟ್ಟಿದ ಹಾಡು. ಅದರಲ್ಲಿ ಶೂರ ಯಾರೂ ಇಲ್ಲ. ರಾತ್ರಿ ನಿದ್ದೆ ಬರದೆ, ಯಾರೋ ಹಿಂದೆ ಬಂದ ಹಾಗೆ ಅನಿಸಿ, ತನ್ನ ಮನಸ್ಸೇ ತನಗೆ ಮೋಸ ಮಾಡುತ್ತಿದೆ ಅಂತ ಹೆದರುವ ಗಂಡಸರಿದ್ದಾರೆ.

ಗಂಡಸಾದವನು ಹೆದರಿಕೆ ಹೇಳಿಕೊಳ್ಳಬಾರದು ಅನ್ನುವ ಲೋಕದಲ್ಲಿ, ಅದೂ ಬಂದೂಕಿನ ಮಾತಾಡಿಯೇ ಹೆಸರು ಮಾಡಿದವರು ಹೀಗೆ ಬಾಯಿ ಬಿಟ್ಟದ್ದು ಸಣ್ಣ ವಿಷಯ ಅಲ್ಲ. ಸ್ಕಾರ್‌ಫೇಸ್ ಹುಡುಗನಾಗಿದ್ದಾಗಲೇ ಖಿನ್ನತೆಯಿಂದ ಒದ್ದಾಡಿದವನು. 2015ರಲ್ಲಿ ಬಂದ ಆತ್ಮಕಥೆಯಲ್ಲಿ ಅದನ್ನೆಲ್ಲ ಮುಚ್ಚಿಡದೆ ಬರೆದಿದ್ದಾನೆ. ಸಾಲ ಮಾಡಿ, ಯಾರಿಗೂ ಹೇಳದೆ, ಹೊಲದ ಬದುವಿನ ಮೇಲೆ ಒಬ್ಬನೇ ಕೂತವರ ಸುದ್ದಿ ಬರೆದು ಬರೆದು ನಮ್ಮ ಕೈ ಸೋತಿದೆ. ಹೀಗೆ ಮನಸ್ಸಿನ ಮಾತು ಹೊರಗೆ ಹಾಕಿದ ಹಾಡಿನ ಬೆಲೆ ಏನು ಅಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ.

ಹಳ್ಳಿ ಎನ್ನುವ ಹೆಸರನ್ನೇ ಬಾವುಟ ಮಾಡಿಕೊಂಡವರು

ಹೂಸ್ಟನ್ನಿನಿಂದ ಪೂರ್ವಕ್ಕೆ ಸುಮಾರು 145 ಕಿಲೋಮೀಟರ್ ಹೋದರೆ ಪೋರ್ಟ್ ಆರ್ಥರ್ ಸಿಗುತ್ತದೆ. ತೈಲ ಶುದ್ಧೀಕರಣ ಕಾರ್ಖಾನೆಗಳ ಊರು. ಅಲ್ಲಿನ ಇಬ್ಬರು ಹುಡುಗರು, ಬನ್ ಬಿ ಮತ್ತು ಪಿಂಪ್ ಸಿ, ಯುಜಿಕೆ ಎಂಬ ತಂಡ ಕಟ್ಟಿದರು. ಚರ್ಚಿನಲ್ಲಿ ಕೇಳಿಸುವಂಥ ಆರ್ಗನ್ನು, ಬ್ಲೂಸ್ ಗಿಟಾರು, ಎಳೆದು ಎಳೆದು ಮಾತಾಡುವ ಟೆಕ್ಸಾಸ್ ಉಚ್ಚಾರಣೆ, ಇವೇ ಅವರ ಬಂಡವಾಳ. ಇದೇನು ಹಿಪ್‌ಹಾಪೇ ಅಂತ ಮೂಗು ಮುರಿದವರಿಗೆ ಪಿಂಪ್ ಸಿ ಕೊಟ್ಟ ಉತ್ತರ ನಮಗೆ ಬಹಳ ಇಷ್ಟ. ತಾನು ಮಾಡುವುದಕ್ಕೆ ಅವನು "ಕಂಟ್ರಿ ರ್ಯಾಪ್ ಟ್ಯೂನ್ಸ್" ಅಂತ ಹೆಸರಿಟ್ಟ. ಅಂದರೆ ಹಳ್ಳಿ ರ್ಯಾಪು. ಬೈಗುಳವಾಗಿ ಬಂದ ಪದವನ್ನು ಎತ್ತಿಕೊಂಡು ಮನೆ ಬಾಗಿಲಿಗೆ ತೋರಣ ಕಟ್ಟಿದ.

1996ರ ಅವರ "ರೈಡಿನ್ ಡರ್ಟಿ" ಆಲ್ಬಂಗೆ ಒಂದೂ ವಿಡಿಯೊ ಮಾಡಲಿಲ್ಲ. ಆದರೂ 5 ಲಕ್ಷಕ್ಕೂ ಹೆಚ್ಚು ಪ್ರತಿ ಮಾರಾಟವಾಯಿತು. ಬಾಯಿಂದ ಬಾಯಿಗೆ, ಕಾರಿಂದ ಕಾರಿಗೆ. 2011ರಲ್ಲಿ ಬನ್ ಬಿ ಹೂಸ್ಟನ್ನಿನ ರೈಸ್ ವಿಶ್ವವಿದ್ಯಾಲಯದಲ್ಲಿ ಧರ್ಮ ಮತ್ತು ಹಿಪ್‌ಹಾಪ್ ಕುರಿತು ಪ್ರಾಧ್ಯಾಪಕರೊಬ್ಬರ ಜೊತೆ ಪಾಠ ಮಾಡಿದ. ಹಳ್ಳಿ ರ್ಯಾಪ್ ಹಾಡಿದವನು ವಿಶ್ವವಿದ್ಯಾಲಯದ ಬೋರ್ಡಿನ ಮುಂದೆ ನಿಂತ, ತನ್ನ ಮಾತು ಬದಲಿಸದೆ.

ಟೆನೆಸಿ ರಾಜ್ಯದ ಮೆಂಫಿಸ್‌ನಲ್ಲಿ ಆರೆಂಜ್ ಮೌಂಡ್ ಎಂಬ ಬಡಾವಣೆ ಇದೆ. ತೋಟದ ಮಾಲೀಕರ ಜಮೀನಾಗಿದ್ದ ಜಾಗದಲ್ಲಿ 1890ರಲ್ಲಿ ಕರಿಯ ಜನ ಸ್ವಂತ ಮನೆ ಕಟ್ಟಿಕೊಂಡ ಜಾಗ ಅದು. ಏಟ್‌ಬಾಲ್ ಮತ್ತು ಎಂಜೆಜಿ ಎಂಬ ಜೋಡಿ ಬಂದದ್ದು ಅಲ್ಲಿಂದ. ಅದೇ ಮೆಂಫಿಸ್‌ನ ತ್ರೀ ಸಿಕ್ಸ್ ಮಾಫಿಯಾ ತಂಡದವರು ತಾವೇ ಮಾಡಿದ ಕ್ಯಾಸೆಟ್‌ಗಳನ್ನು ಊರಲ್ಲೇ ಮಾರಿ ಮೇಲೆ ಬಂದವರು. ತಮ್ಮಾ, ನಿನ್ನ ಬೀಟಿನ ಆ ಕತ್ತಲ ಬಣ್ಣ, ಆ ಚಿಟಿಚಿಟಿ ತಾಳ, ಅದರಲ್ಲಿ ಇವರ ಪಾಲು ದೊಡ್ಡದು. 2006ರ ಮಾರ್ಚ್‌ನಲ್ಲಿ ಇವರು "ಹಸಲ್ ಅಂಡ್ ಫ್ಲೋ" ಸಿನಿಮಾದ ಹಾಡಿಗೆ ಆಸ್ಕರ್ ಗೆದ್ದರು. ಆಸ್ಕರ್ ಗೆದ್ದ ಮೊದಲ ಹಿಪ್‌ಹಾಪ್ ತಂಡ ಇದೇ. ನ್ಯೂಯಾರ್ಕಿನ ಯಾವ ತಂಡಕ್ಕೂ ಅಲ್ಲಿಯವರೆಗೆ ಅದು ಆಗಿರಲಿಲ್ಲ.

ಫ್ಲೋರಿಡಾದ ಮಯಾಮಿಯ ಟು ಲೈವ್ ಕ್ರೂ ತಂಡದ್ದು ಬೇರೆಯೇ ಜಗಳ. 1990ರಲ್ಲಿ ಫೆಡರಲ್ ನ್ಯಾಯಾಧೀಶರೊಬ್ಬರು ಅವರ ಆಲ್ಬಂ ಅಶ್ಲೀಲ ಅಂತ ತೀರ್ಪು ಕೊಟ್ಟರು. 1992ರಲ್ಲಿ ಮೇಲಿನ ಕೋರ್ಟು ಅದನ್ನು ರದ್ದು ಮಾಡಿತು. ಇನ್ನೊಂದು ಕೇಸಿನಲ್ಲಿ, ಹಳೆಯ ಹಾಡೊಂದನ್ನು ಅಣಕಿಸಿದ್ದಕ್ಕೆ ಹೂಡಿದ ಮೊಕದ್ದಮೆಯಲ್ಲಿ, 1994ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಇವರ ವಾದಕ್ಕೆ ಒಪ್ಪಿ, ಲಾಭಕ್ಕಾಗಿ ಮಾಡಿದ ಅಣಕಕ್ಕೂ ಕಾಪಿರೈಟ್ ಕಾನೂನಿನಲ್ಲಿ ರಕ್ಷಣೆ ಸಿಗಬಹುದು ಅಂದಿತು. ಅವರ ಹಾಡುಗಳನ್ನು ಮನೆಯಲ್ಲಿ ಹಾಕಿ ಅಂತ ನಾವು ಹೇಳುವುದಿಲ್ಲ. ಆದರೆ ಇವತ್ತು ಅಮೆರಿಕದಲ್ಲಿ ಅಣಕ ಮಾಡುವ ಪ್ರತಿ ಕಲಾವಿದನೂ ನಿಂತಿರುವ ನೆಲದಲ್ಲಿ ಇವರು ಹೊತ್ತು ಹಾಕಿದ ಮಣ್ಣಿದೆ.

1995ರ ಆ ರಾತ್ರಿ

ಈಗ ಜಾರ್ಜಿಯಾ ರಾಜ್ಯದ ಅಟ್ಲಾಂಟಾಕ್ಕೆ ಬರೋಣ. ರಿಕೊ ವೇಡ್ ಎಂಬ ಹುಡುಗನ ತಾಯಿಯ ಮನೆ. ಮನೆ ಕೆಳಗೊಂದು ನೆಲಮಾಳಿಗೆ. ಅದಕ್ಕೆ ಫರಸಿ ಇಲ್ಲ, ಕೆಂಪು ಮಣ್ಣಿನ ನೆಲ. ಅದಕ್ಕೆ ಡಂಜನ್ ಅಂತ ಹೆಸರಿಟ್ಟು, ಆರ್ಗನೈಸ್ಡ್ ನಾಯ್ಜ್ ಎಂಬ ಮೂವರು ಸಂಗೀತಗಾರರು ಅಲ್ಲಿ ಹಾಡು ಕಟ್ಟುತ್ತಿದ್ದರು. ಓಣಿಯ ಹುಡುಗರೆಲ್ಲ ಅಲ್ಲೇ ಬಿದ್ದಿರುತ್ತಿದ್ದರು. ಸ್ಟುಡಿಯೊ ಇಲ್ಲ, ಮೈಕ್ ಇಲ್ಲ ಅಂತ ಕೊರಗುವವರು ಈ ಮಣ್ಣಿನ ನೆಲವನ್ನು ನೆನಪಿಟ್ಟುಕೊಳ್ಳಲಿ.

ಆ ನೆಲಮಾಳಿಗೆಯಿಂದ ಎರಡು ತಂಡ ಹೊರಬಂದವು: ಔಟ್‌ಕಾಸ್ಟ್ ಮತ್ತು ಗುಡಿ ಮಾಬ್. ಔಟ್‌ಕಾಸ್ಟ್ ಅಂದರೆ ಆಂಡ್ರೆ ಬೆಂಜಮಿನ್ ಮತ್ತು ಬಿಗ್ ಬಾಯ್ ಎಂಬ ಆಂಟ್ವಾನ್ ಪ್ಯಾಟನ್, ಒಂದೇ ಹೈಸ್ಕೂಲಿನ ಗೆಳೆಯರು. ಸಮಾಜ ಹೊರಗಿಟ್ಟವರು ಎಂಬ ಅರ್ಥದ ಇಂಗ್ಲಿಷ್ ಪದವನ್ನೇ, ಕಾಗುಣಿತ ಬದಲಿಸಿ, ಹೆಸರಾಗಿ ಇಟ್ಟುಕೊಂಡಿದ್ದರು. ಊರ ಹೊರಗೆ ಇಡುವುದು ಅಂದರೇನು ಅಂತ ಬಲ್ಲ ನಮ್ಮ ಓದುಗರಿಗೆ ಆ ಹೆಸರಿನ ಭಾರ ವಿವರಿಸಬೇಕಿಲ್ಲ.

1995ರ ಆಗಸ್ಟ್ 3. ನ್ಯೂಯಾರ್ಕ್‌ನಲ್ಲಿ ಸೋರ್ಸ್ ಪತ್ರಿಕೆಯ ಪ್ರಶಸ್ತಿ ಸಮಾರಂಭ. ನ್ಯೂಯಾರ್ಕ್ ಮತ್ತು ಲಾಸ್ ಏಂಜಲೀಸ್ ಪಾಳಯಗಳು ವೇದಿಕೆಯ ಮೇಲೇ ಹಲ್ಲು ಕಡಿಯುತ್ತಿದ್ದ ರಾತ್ರಿ. ಅದರ ನಡುವೆ ಹೊಸ ತಂಡದ ಪ್ರಶಸ್ತಿ ಔಟ್‌ಕಾಸ್ಟ್‌ಗೆ ಅಂತ ಘೋಷಿಸಿದರು. ಸಭೆ ಕೂಗಿ ಹುಯಿಲೆಬ್ಬಿಸಿತು. ಇಬ್ಬರಿಗೂ ಆಗ ಇಪ್ಪತ್ತೇ ವರ್ಷ. ಆಂಡ್ರೆ ಮೈಕ್ ಮುಂದೆ ನಿಂತು, ಕಿವಿ ಮುಚ್ಚಿಕೊಂಡವರ ಬಗ್ಗೆ ಬೇಸರದಿಂದ ಎರಡು ಮಾತಾಡಿ, ದಕ್ಷಿಣಕ್ಕೂ ಹೇಳುವುದಿದೆ ಅಂದು ಇಳಿದುಬಿಟ್ಟ.

ಅಷ್ಟೇ. ಬೈಯಲಿಲ್ಲ, ಕೈ ಮುಗಿಯಲೂ ಇಲ್ಲ.

ನಾವು ಕೇಳುವುದು ಇಷ್ಟೇ: ಆ ರಾತ್ರಿ ಮನೆಗೆ ಹೋದ ಮೇಲೆ ಅವರು ಏನು ಮಾಡಿದರು? ನ್ಯೂಯಾರ್ಕಿನವರ ಹಾಗೆ ಮಾತಾಡಲು ಕಲಿತರೇ? ಅದೇ ವರ್ಷ ಗುಡಿ ಮಾಬ್ "ಸೋಲ್ ಫುಡ್" ತಂದಿತು. ದಕ್ಷಿಣದ ಕರಿಯರ ಮನೆ ಊಟದ ಹೆಸರೇ ಆಲ್ಬಂ ಹೆಸರು. ನಾವು "ರೊಟ್ಟಿ ಬುತ್ತಿ" ಅಂತ ಹೆಸರಿಟ್ಟ ಹಾಗೆ. "ಡರ್ಟಿ ಸೌತ್" ಎಂಬ ಮಾತು ಜಗತ್ತಿಗೆ ಹರಡಿದ್ದೂ ಅದರದೇ ಒಂದು ಹಾಡಿನಿಂದ. ಮರುವರ್ಷ ಔಟ್‌ಕಾಸ್ಟ್ "ಎಟಿಲಿಯನ್ಸ್" ತಂದಿತು. ಅಟ್ಲಾಂಟಾದ ಹೆಸರಿಗೆ ಪರಕೀಯ ಅನ್ನುವ ಅರ್ಥದ ಪದ ಬೆಸೆದ ಶೀರ್ಷಿಕೆ. ನೀವು ನಮ್ಮನ್ನು ಬೇರೆ ಲೋಕದವರು ಅಂದಿರಾ? ಸರಿ, ಹಾಗೇ ಇರಲಿ ಅನ್ನುವ ಧಾಟಿ.

1998ರಲ್ಲಿ "ಅಕ್ವೆಮಿನಿ" ಬಂತು. ಅದರಲ್ಲಿನ "ರೋಸಾ ಪಾರ್ಕ್ಸ್" ಹಾಡಿನ ನಡುವೆ ತಾಳ ಬದಲಾಗಿ ಹಳ್ಳಿಗಾಡಿನ ಮೌತ್ ಆರ್ಗನ್ ನುಗ್ಗಿ ಬರುತ್ತದೆ. ನುಡಿಸಿದ್ದು ಆಂಡ್ರೆಯ ಮಲತಂದೆ, ಒಬ್ಬ ಪಾದ್ರಿ. ತಮ್ಮಾ, ಇದನ್ನು ನಿನ್ನ ಲೆಕ್ಕಕ್ಕೆ ತಂದು ನೋಡು: ರ್ಯಾಪ್ ನಡುವೆ ನಿಮ್ಮ ಕಾಕಾ ಭಜನಿ ಪೆಟ್ಟಿಗೆ ಹಿಡಿದು ಕೂತ ಹಾಗೆ. ಆ ಆಲ್ಬಂಗೆ ಐದು ಮೈಕ್, ಅಂದರೆ ತನ್ನ ಅತ್ಯುನ್ನತ ಅಂಕ ಕೊಟ್ಟ ಪತ್ರಿಕೆ ಯಾವುದು ಗೊತ್ತೇ? ಅದೇ ಸೋರ್ಸ್. ಮೂರು ವರ್ಷದ ಹಿಂದೆ ಅದರ ಸಭೆಯೇ ಇವರನ್ನು ಕೂಗಿ ಕೆಳಗಿಳಿಸಲು ನೋಡಿತ್ತು.

2004ರಲ್ಲಿ ಔಟ್‌ಕಾಸ್ಟ್ ವರ್ಷದ ಅತ್ಯುತ್ತಮ ಆಲ್ಬಂನ ಗ್ರ್ಯಾಮಿ ಗೆದ್ದಿತು. 2025ರಲ್ಲಿ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್‌ಗೆ ಸೇರಿತು. ಆ ಡಂಜನ್ ಮನೆಯನ್ನು ಬಿಗ್ ಬಾಯ್ 2019ರಲ್ಲಿ ಕೊಂಡುಕೊಂಡ. ಪ್ರಶಸ್ತಿಗಳ ಪಟ್ಟಿಗಿಂತ ಈ ಮನೆ ಕೊಂಡ ಸುದ್ದಿ ನಮಗೆ ದೊಡ್ಡದು.

ಬಿಡಬೇಕಾದದ್ದನ್ನು ಬಿಡದೆ, ಹಿಡಿಯಬೇಕಾದದ್ದನ್ನು ಬಿಟ್ಟೆವು

ಇವರನ್ನು ದೇವರ ಗುಡಿಯಲ್ಲಿ ಕೂರಿಸುವ ಆಸೆ ನಮಗಿಲ್ಲ. ಈ ತಂಡಗಳ ಎಷ್ಟೋ ಹಾಡುಗಳಲ್ಲಿ ಹೆಣ್ಣಿನ ಬಗ್ಗೆ ಇರುವ ಮಾತು ಅಕ್ಕ ತಂಗಿಯರ ಮುಂದೆ ಕೇಳುವಂಥದ್ದಲ್ಲ. ಬಡತನದಲ್ಲಿ ಬೆಳೆದದ್ದು ಅದಕ್ಕೆ ನೆಪ ಆಗುವುದಿಲ್ಲ. ಬಡತನದಲ್ಲಿ ಅವರ ಅವ್ವಂದಿರೂ ಬೆಳೆದಿದ್ದರು. ತ್ರೀ ಸಿಕ್ಸ್ ಮಾಫಿಯಾದಲ್ಲೇ ಗ್ಯಾಂಗ್‌ಸ್ಟಾ ಬೂ ಎಂಬ ಹುಡುಗಿ ಗಂಡಸರಿಗೆ ಸರಿಸಮವಾಗಿ ಹಾಡಿದಳು. ಅವಳ ಹೆಸರು ಹೇಳುವವರು ಕಡಿಮೆ.

ಇನ್ನೊಂದು ಸಾವಿನ ಲೆಕ್ಕ ಇದೆ. ಹೂಸ್ಟನ್ನಿನ ಡಿಜೆ ಸ್ಕ್ರೂ ಹಾಡುಗಳ ವೇಗ ತಗ್ಗಿಸಿ, ಕತ್ತರಿಸಿ ಜೋಡಿಸಿ, ಹೊಸ ಶೈಲಿಯನ್ನೇ ಹುಟ್ಟಿಸಿದವನು. ಮನೆ ಬಾಗಿಲಲ್ಲೇ ಕ್ಯಾಸೆಟ್ ಮಾರುತ್ತಿದ್ದ. ಇವತ್ತು ಅವನ ಸಂಗ್ರಹ ಹೂಸ್ಟನ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿದೆ. 2000ದಲ್ಲಿ ಅವನು ಸತ್ತಾಗ ವಯಸ್ಸು 29. ಯುಜಿಕೆಯ ಪಿಂಪ್ ಸಿ 2007ರಲ್ಲಿ ಸತ್ತಾಗ 33. ಇಬ್ಬರ ಸಾವಿನಲ್ಲೂ ಕೊಡೀನ್ ಎಂಬ ಮದ್ದಿನ ಕೈವಾಡ ಇತ್ತು. ಕೆಮ್ಮಿನ ಔಷಧಿಯಲ್ಲಿ ಇರುವುದು ಅದೇ. ಅದನ್ನು ನಶೆಗೆ ಕುಡಿಯುವುದನ್ನು ಹಾಡಿನಲ್ಲಿ ಶೋಕಿ ಮಾಡಿದ ಊರು, ತನ್ನ ಇಬ್ಬರು ದೊಡ್ಡ ಕಲಾವಿದರನ್ನು ಅದಕ್ಕೇ ಕೊಟ್ಟಿತು. ಮೆಡಿಕಲ್ ಶಾಪಿನ ಹಿಂದೆ ಖಾಲಿ ಬಾಟಲಿ ಬಿದ್ದಿರುವುದನ್ನು ನೋಡಿ ನಗುವ ಹುಡುಗರು ಇದನ್ನು ಎರಡು ಸಲ ಓದಲಿ.

ಹಾಗಾದರೆ ಅವರಿಂದ ನಾವು ತಂದದ್ದು ಏನು? ಬೀಟ್ ತಂದೆವು. ಸರಪಳಿ, ಕರಿ ಕನ್ನಡಕ ತಂದೆವು. ಬಿಟ್ಟು ಬರಬೇಕಾಗಿದ್ದ ಹೆಣ್ಣಿನ ಬೈಗುಳವನ್ನೂ ನಶೆಯ ಶೋಕಿಯನ್ನೂ ಗಂಟು ಕಟ್ಟಿ ತಂದೆವು. ತರಬೇಕಾಗಿದ್ದು ಎರಡೇ ಇತ್ತು: ತಮ್ಮ ಬಾಯಿಯ ಮಾತನ್ನು ತಿದ್ದಲು ಬಿಡಬಾರದು, ತಮ್ಮ ಹಾಡಿನ ಗಲ್ಲಾಪೆಟ್ಟಿಗೆಯ ಕೀಲಿ ತಮ್ಮ ಊರಲ್ಲೇ ಇರಬೇಕು. ಅವೆರಡನ್ನೂ ಅಲ್ಲೇ ಬಿಟ್ಟೆವು.

ಕೆಲವರು ಹೇಳುತ್ತಾರೆ, ಎಲ್ಲರಿಗೂ ಅರ್ಥ ಆಗಬೇಕಲ್ಲ, ಅದಕ್ಕೇ ಭಾಷೆ ನಯ ಮಾಡಬೇಕು ಅಂತ. ಯುಜಿಕೆಯ ಟೆಕ್ಸಾಸ್ ಮಾತು ನ್ಯೂಯಾರ್ಕಿನವರಿಗೆ ಮೊದಲು ಅರ್ಥ ಆಗಲಿಲ್ಲ. ಆಮೇಲೆ ಅವರೇ ಕಲಿತರು. ಕಲಿಯುವ ಕಷ್ಟ ಯಾವಾಗಲೂ ಹಳ್ಳಿಯವನೇ ಪಡಬೇಕು ಅಂತ ಯಾವ ಶಾಸನದಲ್ಲಿ ಬರೆದಿದೆ?

ಇದನ್ನು ಹೇಳುವ ಹಕ್ಕು ನಮಗೆ ಇದೆ, ತಪ್ಪೂ ಇದೆ. ನಾವು ಜಿಲ್ಲೆಯಿಂದ ಸುದ್ದಿ ಕಳಿಸುವವರು. ರೈತನೊಬ್ಬ "ಮಳಿ ಹ್ವಾತು, ಬಾಳೇವು ಹ್ವಾತು" ಅಂದದ್ದನ್ನು ಹಾಗೇ ಬರೆದು ಕಳಿಸಿದರೆ, ಬೆಳಿಗ್ಗೆ ಅಚ್ಚಾಗುವುದು "ಮಳೆ ಕೈಕೊಟ್ಟ ಪರಿಣಾಮ ಜೀವನ ದುಸ್ತರವಾಗಿದೆ ಎಂದು ಅವರು ಅಳಲು ತೋಡಿಕೊಂಡರು". ಡೆಸ್ಕ್ ತಿದ್ದುತ್ತದೆ ಅಂತ ಎಷ್ಟೋ ವರ್ಷ ಗೊಣಗಿದೆವು. ಆಮೇಲೆ ತಿದ್ದಿಸಿಕೊಳ್ಳುವ ತೊಂದರೆ ಯಾಕೆ ಅಂತ ನಾವೇ ಹಾಗೆ ಬರೆಯಲು ಶುರು ಮಾಡಿದೆವು. ಆ ಹುಡುಗ ತನ್ನ ಹಾಡಿಗೆ ಮಾಡಿದ್ದೂ ಇದನ್ನೇ. ಅವನಿಗೆ ಬುದ್ಧಿ ಹೇಳುವ ಮೊದಲು ನಾವು ಕನ್ನಡಿ ನೋಡಿಕೊಳ್ಳಬೇಕಾಯಿತು. ಈ ಬ್ಲಾಗ್ ನಡೆಸುವುದಕ್ಕೂ ಅದೇ ಕಾರಣ. ಇದು ನಮ್ಮ ಮಣ್ಣಿನ ನೆಲದ ನೆಲಮಾಳಿಗೆ.

ತಮ್ಮಾ, ಆ ಬೀಟ್ ಹಾಗೇ ಇರಲಿ. ಅದು ಹತ್ತಿ ಹೊಲದವರ ಮಕ್ಕಳು ಮಾಡಿದ್ದು, ಹತ್ತಿ ಹೊಲದ ನಿನಗೆ ಅದು ಎರವಲೇನಲ್ಲ. ಆದರೆ ಲ್ಯಾಂಬೊರ್ಗಿನಿ ಇಳಿದು ಬಾ. ಅಪ್ಪನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದ ರಾತ್ರಿ ಬಸ್ಸಿನ ಬಗ್ಗೆ ಬರೆ. ಕೌಂಟರಿನಲ್ಲಿ ನಿನ್ನ ಮಾತು ಕೇಳಿ ಯಾರಾದರೂ ನಕ್ಕಿದ್ದರೆ, ಆ ನಗುವನ್ನೂ ಬರೆ. ನಿನ್ನ ಅವ್ವ ಹೇಗೆ ಹೇಳುತ್ತಾಳೋ ಹಾಗೇ ಹಾಡು.

ಮುಂದಿನ ಜಾತ್ರೆಗೆ ಅದೇ ಚಹಾದಂಗಡಿ ಮುಂದೆ ಬರುತ್ತೇವೆ. ಕೇಳಿಸಬೇಕು.